ಹಲ್ಲು ತುಂಬಿಸುವುದು: ಬೆಳ್ಳಿಯೋ, ಬಿಳಿಯೋ?

ದಂತ ವಿಭಾಗಕ್ಕೆ ಹಲ್ಲು ತುಂಬಿಸಿಕೊಳ್ಳಲು ಬರುವವರಲ್ಲಿ ಎರಡು ಬಗೆ. ಮೊದಲನೆಯವರು ರಾತ್ರಿಯೆಲ್ಲ ನಿದ್ದೆಯಿಲ್ಲದೆ, ದವಡೆಯ ಮೇಲೆ ಕೈಯಿಟ್ಟುಕೊಂಡು ಬರುವವರು. ಇವರಿಗೆ ಏನು ತುಂಬಿದರೂ ಆದೀತು, ನೋವು ಹೋದರೆ ಸಾಕು. ಎರಡನೆಯವರು ನೋವೇ ಇಲ್ಲದೆ ಬರುವವರು. ಹದಿನೈದಿಪ್ಪತ್ತು ವರ್ಷಗಳ ಹಿಂದೆ ತುಂಬಿಸಿದ ಬೆಳ್ಳಿ ಅವರ ಬಾಯಲ್ಲಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಆದರೆ ಮೊಬೈಲಿನಲ್ಲಿ ಯಾರೋ ಕಳಿಸಿದ ಸುದ್ದಿ ನೋಡಿ, "ಇದರಲ್ಲಿ ಪಾದರಸ ಇದೆಯಂತೆ ಡಾಕ್ಟ್ರೇ, ವಿಷವಂತೆ. ಎಲ್ಲ ತೆಗೆದು ಬಿಳಿ ಹಾಕಿಬಿಡಿ" ಎನ್ನುತ್ತಾರೆ. ಕೆಲವೊಮ್ಮೆ ರೋಗಿಗಿಂತ ಜೊತೆಗೆ ಬಂದ ಮಗ ಅಥವಾ ಸೊಸೆಗೇ ಆತಂಕ ಹೆಚ್ಚು.

ಈ ಲೇಖನ ಇಬ್ಬರಿಗೂ ಉಪಯೋಗವಾಗುತ್ತದಾದರೂ ಮುಖ್ಯವಾಗಿ ಎರಡನೆಯವರಿಗಾಗಿ ಬರೆದದ್ದು. ಬೆಳ್ಳಿಯಲ್ಲಿ ಪಾದರಸ ಇರುವುದು ನಿಜ. ಆದರೆ ಹಾಗೆಂದು ಚೆನ್ನಾಗಿರುವುದನ್ನು ಕೊರೆದು ತೆಗೆಸುವುದು ಸರಿಯಲ್ಲ. ಇವೆರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂದು ತಿಳಿಯಲು ಒಂದಿಷ್ಟು ವಿವರ ಬೇಕಾಗುತ್ತದೆ.

ಹಲ್ಲು ಮತ್ತೆ ಬೆಳೆಯುವುದಿಲ್ಲ

ಕೈಗೆ ಗಾಯವಾದರೆ ಚರ್ಮ ಮತ್ತೆ ಕೂಡಿಕೊಳ್ಳುತ್ತದೆ. ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಹಲ್ಲಿನ ಮೇಲ್ಪದರವಾದ ಎನಾಮಲ್‌ಗೆ ಈ ಶಕ್ತಿ ಇಲ್ಲ. ಸಿಹಿ ಮತ್ತು ಹಿಟ್ಟಿನ ಪದಾರ್ಥಗಳು ಹಲ್ಲಿನ ಸಂದಿಯಲ್ಲಿ ಉಳಿದಾಗ ಬಾಯಿಯ ಬ್ಯಾಕ್ಟೀರಿಯಾಗಳು ಅವನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಸುಣ್ಣದ ಅಂಶವನ್ನು ದಿನದಿನವೂ ಕರಗಿಸುತ್ತದೆ. ಇದೇ ಹುಳುಕು. ಜಾತ್ರೆಗಳಲ್ಲಿ ಹೊಗೆ ಹಾಕಿ, ಬಾಯಿಂದ ಬಿಳಿ ಹುಳು ಬಿದ್ದಂತೆ ತೋರಿಸುವವರನ್ನು ಹಿರಿಯರು ನೋಡಿರಬಹುದು. ಹಲ್ಲಿನಲ್ಲಿ ಅಂಥ ಯಾವ ಹುಳುವೂ ಇರುವುದಿಲ್ಲ.

ಹುಳುಕು ಎನಾಮಲ್ಲಿನ ಮೇಲೆ ಬರೀ ಬಿಳಿ ಕಲೆಯಾಗಿರುವಾಗ ಫ್ಲೋರೈಡ್ ಪೇಸ್ಟ್ ಮತ್ತು ಶುಚಿತ್ವದಿಂದ ಅದನ್ನು ತಡೆಯಬಹುದು. ಗುಳಿ ಬಿದ್ದ ಮೇಲೆ ಕೆಟ್ಟ ಭಾಗವನ್ನು ತೆಗೆದು ಏನಾದರೂ ತುಂಬಲೇಬೇಕು. ಹೀಗೆ ತೆಗೆದ ಹಲ್ಲಿನ ಭಾಗ ತಿರುಗಿ ಬರುವುದಿಲ್ಲ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಹೇಳುವ ಬಹುಪಾಲು ಮಾತಿಗೆ ಇದೇ ಆಧಾರ.

ಬೆಳ್ಳಿ ಎಂದರೆ ಬರೀ ಬೆಳ್ಳಿಯಲ್ಲ

ಜನ 'ಬೆಳ್ಳಿ' ಎನ್ನುವುದನ್ನು ವೈದ್ಯರು ಅಮಾಲ್ಗಮ್ ಎನ್ನುತ್ತಾರೆ. ಬೆಳ್ಳಿ, ತವರ ಮತ್ತು ತಾಮ್ರದ ಮಿಶ್ರಲೋಹದ ಪುಡಿಗೆ ಪಾದರಸ ಸೇರಿಸಿ ಕಲಸಿದಾಗ ಇದು ಸಿದ್ಧವಾಗುತ್ತದೆ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸವೇ. ಕಲಸಿದ ಕೆಲವು ನಿಮಿಷ ಬೆಣ್ಣೆಯ ಹಾಗೆ ಮೆದುವಾಗಿರುತ್ತದೆ, ಅಷ್ಟರಲ್ಲಿ ಅದನ್ನು ಗುಳಿಯೊಳಗೆ ಒತ್ತಿ ತುಂಬಿ ಆಕಾರ ಕೊಡಬೇಕು. ಪೂರ್ಣ ಗಟ್ಟಿಯಾಗಲು ಒಂದು ದಿನ ಹಿಡಿಯುತ್ತದೆ. ಹಿಂದಿನ ಕಾಲದ ದಂತವೈದ್ಯರು ಪುಡಿ ಮತ್ತು ಪಾದರಸವನ್ನು ಸಣ್ಣ ಖಲ್ಲಿನಲ್ಲಿ ಅರೆದು, ಬಟ್ಟೆಯ ತುಂಡಿನಲ್ಲಿ ಹಿಂಡಿ ಹೆಚ್ಚಾದ ಪಾದರಸವನ್ನು ಹೊರತೆಗೆಯುತ್ತಿದ್ದರು. ಆಗ ಅಪಾಯ ರೋಗಿಗಿಂತ ದಿನವಿಡೀ ಅದನ್ನು ಮುಟ್ಟುತ್ತಿದ್ದ ವೈದ್ಯರಿಗೆ ಮತ್ತು ಸಹಾಯಕರಿಗೇ ಹೆಚ್ಚಾಗಿತ್ತು. ಈಗ ಅಳತೆ ಮಾಡಿ ಮುಚ್ಚಿದ ಕ್ಯಾಪ್ಸೂಲಿನಲ್ಲಿ ಬರುತ್ತದೆ, ಯಂತ್ರವೇ ಅಲುಗಾಡಿಸಿ ಬೆರೆಸುತ್ತದೆ.

ಇದು ಹೊಸ ವಸ್ತುವಲ್ಲ. ಚೀನಾದ 659ರ ಒಂದು ವೈದ್ಯಗ್ರಂಥದಲ್ಲೇ ಬೆಳ್ಳಿಯ ಇಂಥ ಮಿಶ್ರಣದ ಪ್ರಸ್ತಾಪವಿದೆ. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂತು. 1833ರಲ್ಲಿ ಕ್ರಾಕೋರ್ ಸಹೋದರರು ಅದನ್ನು ಅಮೆರಿಕಕ್ಕೆ ಕೊಂಡೊಯ್ದರು. ಚಿನ್ನದ ತಗಡು ತುಂಬುತ್ತಿದ್ದ ಅಲ್ಲಿನ ದಂತವೈದ್ಯರು ಇದನ್ನು ವಿರೋಧಿಸಿದರು. ಅವರ ಸಂಘ 1845ರಲ್ಲಿ, ಅಮಾಲ್ಗಮ್ ಬಳಸುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆಯನ್ನೇ ಬರೆಸಿಕೊಂಡಿತು. ಜಗಳ ಎಷ್ಟು ಬೆಳೆಯಿತೆಂದರೆ 1856ರಲ್ಲಿ ಆ ಸಂಘವೇ ಮುಚ್ಚಿಹೋಯಿತು. ಆಗಿನ ವಾದದಲ್ಲಿ ಆರೋಗ್ಯದ ಕಾಳಜಿಯೂ ಇತ್ತು, ಚಿನ್ನದ ಕೆಲಸ ಕೈತಪ್ಪುವ ಚಿಂತೆಯೂ ಇತ್ತು. ಈಗಿನ ವಾದಗಳಲ್ಲೂ ಇವೆರಡನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. 1890ರ ದಶಕದಲ್ಲಿ ಜಿ.ವಿ. ಬ್ಲ್ಯಾಕ್ ಎಂಬ ಅಮೆರಿಕದ ದಂತವೈದ್ಯರು ಲೋಹಗಳ ಸರಿಯಾದ ಪ್ರಮಾಣವನ್ನು ಗೊತ್ತುಮಾಡಿದ ಮೇಲೆ ಅಮಾಲ್ಗಮ್ ಲೋಕದಲ್ಲೆಲ್ಲ ಹರಡಿತು.

ಇದರ ಗುಣಗಳೂ ಸಣ್ಣವಲ್ಲ. ಜೊಲ್ಲು ಸ್ವಲ್ಪ ತಾಗಿದರೂ ಕೆಲಸ ಕೆಡುವುದಿಲ್ಲ. ಜೋಳದ ಖಡಕ್ ರೊಟ್ಟಿ, ಹುರಿಗಡಲೆ ಅಗಿಯುವ ದವಡೆಯ ಒತ್ತಡವನ್ನು ತಡೆಯುತ್ತದೆ. ಖರ್ಚು ಕಡಿಮೆ. ಕಾಲ ಕಳೆದಂತೆ ಅಂಚಿನಲ್ಲಿ ಲೋಹದ ಕಿಲುಬು ಸೇರಿ ಸಣ್ಣ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೋಷಗಳೂ ಇವೆ. ಕಪ್ಪಗೆ ಕಾಣುತ್ತದೆ. ಹಲ್ಲಿಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ಬಾಯಿ ಕಿರಿದು, ತಳ ಅಗಲವಾದ ಡಬ್ಬಿಯಂತೆ ಗುಳಿಯನ್ನು ಕೊರೆದು ಕೂರಿಸಬೇಕು. ಅದಕ್ಕಾಗಿ ಒಂದಿಷ್ಟು ಒಳ್ಳೆಯ ಹಲ್ಲನ್ನೂ ಕಳೆದುಕೊಳ್ಳಬೇಕಾಗುತ್ತದೆ. ಉಳಿದ ಗೋಡೆ ತೆಳ್ಳಗಿದ್ದರೆ ಮುಂದೆಂದಾದರೂ ಸೀಳಬಹುದು.

ಪಾದರಸದ ಮಾತು

ಪಾದರಸ ಎಲ್ಲ ರೂಪದಲ್ಲೂ ಒಂದೇ ಅಲ್ಲ. ಜಪಾನಿನ ಮಿನಮಾಟಾ ಎಂಬ ಕಡಲತೀರದ ಊರಿನಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ತ್ಯಾಜ್ಯದಲ್ಲಿ ಮೀಥೈಲ್ ಪಾದರಸವಿತ್ತು. ಅದು ಮೀನುಗಳಲ್ಲಿ ಸೇರಿ, ಮೀನು ತಿಂದವರ ನರಮಂಡಲವನ್ನು ಹಾಳುಮಾಡಿತು. ಕೈಕಾಲು ನಡುಗುವುದು, ಮಾತು ತೊದಲುವುದು, ಹುಟ್ಟುವ ಕೂಸಿಗೂ ತೊಂದರೆ, ಹೀಗೆ ಸಾವಿರಾರು ಜನ ನರಳಿದರು. ಆ ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಹಲ್ಲಿನೊಳಗೆ ಇರುವುದು ಮೀಥೈಲ್ ಪಾದರಸವಲ್ಲ, ಬೇರೆ ಲೋಹಗಳೊಂದಿಗೆ ಸೇರಿ ಗಟ್ಟಿಯಾದ ಪಾದರಸ. ಮಿನಮಾಟಾದ ಚಿತ್ರಗಳನ್ನು ತೋರಿಸಿ ಹಲ್ಲಿನ ಬೆಳ್ಳಿಯ ಬಗ್ಗೆ ಹೆದರಿಸುವುದು ನ್ಯಾಯವಲ್ಲ.

ಹಾಗಾದರೆ ಹಲ್ಲಿನ ಬೆಳ್ಳಿಯಿಂದ ಏನೂ ಹೊರಬರುವುದಿಲ್ಲವೇ? ಬರುತ್ತದೆ. ಹಿಟ್ಟಿಗೆ ನೀರು ಹಾಕಿ ಕಲಸಿ ರೊಟ್ಟಿ ಬೇಯಿಸಿದ ಮೇಲೆ ಆ ನೀರನ್ನು ಹಿಂಡಿ ತೆಗೆಯಲಾಗದು, ಆದರೂ ಬಿಸಿ ರೊಟ್ಟಿಯಿಂದ ತುಸು ಹಬೆ ಏಳುತ್ತದೆ. ಹಾಗೆಯೇ ಅಗಿಯುವಾಗ, ಬಿಸಿ ಕಾಫಿ ಕುಡಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ ಬೆಳ್ಳಿಯಿಂದ ಅತ್ಯಲ್ಪ ಪ್ರಮಾಣದ ಪಾದರಸದ ಆವಿ ಏಳುತ್ತದೆ. ಒಡೆದ ಥರ್ಮಾಮೀಟರಿನಿಂದ ನೆಲದ ಮೇಲೆ ಉರುಳುವ ಹೊಳೆಯುವ ಮಣಿಗಳಿಂದ ಏಳುವುದೂ ಇದೇ ಆವಿ. ಉಸಿರಿನೊಂದಿಗೆ ಒಳಹೋದ ಆವಿಯ ಬಹುಪಾಲು ಶ್ವಾಸಕೋಶದಿಂದ ರಕ್ತ ಸೇರುತ್ತದೆ, ಆಮೇಲೆ ಮೂತ್ರಪಿಂಡಗಳ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಅಮಾಲ್ಗಮ್ಮಿನ ಸಣ್ಣ ಚೂರು ಹೊಟ್ಟೆಗೆ ಹೋದರೆ ಗಾಬರಿ ಬೇಡ. ಅದು ಹೀರಿಕೊಳ್ಳದೆ ಮಲದೊಂದಿಗೆ ಹೋಗುತ್ತದೆ.

ಈ ಅಲ್ಪ ಆವಿ ಆರೋಗ್ಯವಂತರಿಗೆ ಹಾನಿ ಮಾಡುತ್ತದೆಯೇ ಎಂದು ತಿಳಿಯಲು ಮಕ್ಕಳ ಮೇಲೆಯೇ ಎರಡು ದೊಡ್ಡ ಅಧ್ಯಯನಗಳು ನಡೆದವು. ಒಂದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ, 534 ಮಕ್ಕಳ ಮೇಲೆ. ಇನ್ನೊಂದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ, 507 ಮಕ್ಕಳ ಮೇಲೆ. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ, ಹಿಂದಿನ ಹಲ್ಲುಗಳಿಗೆ ಒಂದು ಗುಂಪಿಗೆ ಬೆಳ್ಳಿ, ಇನ್ನೊಂದಕ್ಕೆ ಬಿಳಿ ತುಂಬಿ ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ಅಮೆರಿಕದಲ್ಲಿ ಐದು ವರ್ಷ, ಲಿಸ್ಬನ್ನಿನಲ್ಲಿ ಏಳು ವರ್ಷ. 2006ರಲ್ಲಿ ಎರಡರ ಫಲಿತಾಂಶವೂ ಹೊರಬಂತು. ಬೆಳ್ಳಿ ತುಂಬಿಸಿಕೊಂಡ ಮಕ್ಕಳ ಮೂತ್ರದಲ್ಲಿ ಪಾದರಸ ತುಸು ಹೆಚ್ಚಾಗಿತ್ತು. ಆದರೆ ಬುದ್ಧಿಮಟ್ಟ, ನೆನಪಿನ ಶಕ್ತಿ, ಗಮನ ಇವುಗಳಲ್ಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಾಯಲ್ಲಿ ಬೆಳ್ಳಿ ಇರುವವರು ಇದರಿಂದ ಧೈರ್ಯ ತಂದುಕೊಳ್ಳಬಹುದು.

ಆದರೂ ದೇಶಗಳು ಇದನ್ನು ಏಕೆ ನಿಲ್ಲಿಸುತ್ತಿವೆ?

ಇದು ನ್ಯಾಯವಾದ ಪ್ರಶ್ನೆ. ನಾರ್ವೆ 2008ರಲ್ಲಿ, ಸ್ವೀಡನ್ 2009ರಲ್ಲಿ ಹೆಚ್ಚುಕಡಿಮೆ ನಿಲ್ಲಿಸಿದವು. ಯುರೋಪಿನ ಒಕ್ಕೂಟದಲ್ಲಿ 2018ರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿ ಮತ್ತು ಹಾಲೂಡಿಸುವ ತಾಯಂದಿರಿಗೂ ಹಾಕುವುದಕ್ಕೆ ತಡೆ ಬಂತು, 2025ರ ಜನವರಿಯಿಂದ ವೈದ್ಯಕೀಯವಾಗಿ ಅನಿವಾರ್ಯವಾದಾಗ ಬಿಟ್ಟರೆ ಯಾರಿಗೂ ಹಾಕುವಂತಿಲ್ಲ.

ಇದರ ಹಿಂದಿನ ದೊಡ್ಡ ಕಾರಣ ಹಲ್ಲಲ್ಲ, ಚರಂಡಿ. ಬೆಳ್ಳಿ ತುಂಬುವಾಗ ಮತ್ತು ತೆಗೆಯುವಾಗ ಉದುರಿದ ಚೂರುಗಳು ನೀರಿನೊಂದಿಗೆ ಹೋಗಿ ಕೆರೆ, ಹೊಳೆ, ಕಡಲು ಸೇರುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಮಿನಮಾಟಾದಲ್ಲಿ ಮೀನಿನೊಳಗೆ ಸೇರಿದ ವಿಷವೇ ಇದು. ಅದಕ್ಕಾಗಿಯೇ ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟಾ ಒಪ್ಪಂದ ಎಂದೇ ಹೆಸರು. 2017ರಲ್ಲಿ ಅದು ಜಾರಿಗೆ ಬಂತು, 2018ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಹದಿನೈದು ವರ್ಷದೊಳಗಿನವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರಿಗೆ ಅನಿವಾರ್ಯವಲ್ಲದೆ ಅಮಾಲ್ಗಮ್ ಹಾಕಬಾರದೆಂದೂ, ದಂತವೈದ್ಯರು ಬಿಡಿ ಪಾದರಸ ಬಳಸಬಾರದೆಂದೂ 2022ರಲ್ಲಿ ಸದಸ್ಯ ದೇಶಗಳು ಒಪ್ಪಿದವು. 2025ರ ನವೆಂಬರ್ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಸಭೆ, 2034ರ ವೇಳೆಗೆ ಹಲ್ಲಿನ ಅಮಾಲ್ಗಮ್ಮನ್ನು ಪೂರ್ತಿ ನಿಲ್ಲಿಸಬೇಕೆಂದು ತೀರ್ಮಾನಿಸಿತು. ಆದ್ದರಿಂದ ಬೆಳ್ಳಿ ತುಂಬುವ ಕಾಲ ಮುಗಿಯುತ್ತ ಬಂದಿದೆ. ಹೊಸದಾಗಿ ಹಾಕುವುದನ್ನು ನಿಲ್ಲಿಸಿ ಎಂದು ಈ ಒಪ್ಪಂದ ಹೇಳುತ್ತದೆಯೇ ಹೊರತು ಬಾಯಲ್ಲಿ ಇರುವುದನ್ನು ಕಿತ್ತು ಹಾಕಿ ಎಂದು ಹೇಳುವುದಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಇನ್ನೂ ಸ್ಪಷ್ಟವಾಗಿ ತಿಳಿಸಿತು. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು, ಹಾಲೂಡಿಸುವ ತಾಯಂದಿರು, ಮಕ್ಕಳು, ಅದರಲ್ಲೂ ಆರು ವರ್ಷದೊಳಗಿನವರು, ನರರೋಗ ಇರುವವರು, ಮೂತ್ರಪಿಂಡದ ಕೆಲಸ ಕುಂದಿದವರು ಮತ್ತು ಪಾದರಸ ಅಥವಾ ಅಮಾಲ್ಗಮ್ಮಿನ ಇತರ ಲೋಹಗಳಿಗೆ ಅಲರ್ಜಿ ಇರುವವರು ಸಾಧ್ಯವಾದಲ್ಲೆಲ್ಲ ಬೇರೆ ವಸ್ತುವನ್ನೇ ತುಂಬಿಸಿಕೊಳ್ಳಲಿ ಎಂದಿತು. ಹಾಗೆಯೇ, ಚೆನ್ನಾಗಿರುವ ಹಳೆಯ ಅಮಾಲ್ಗಮ್ಮನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಸಬೇಡಿ ಎಂದೂ ಅದೇ ಪ್ರಕಟಣೆಯಲ್ಲಿ ಹೇಳಿತು. ಮೊಬೈಲ್ ಸುದ್ದಿಗಳಲ್ಲಿ ಮೊದಲ ಮಾತು ಮಾತ್ರ ಬರುತ್ತದೆ, ಎರಡನೆಯದು ಬರುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮತ್ತು ಗರ್ಭಿಣಿಯರು ದಂತ ವಿಭಾಗದ ಕುರ್ಚಿಯಲ್ಲಿ ಕೂರುವ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಸಂಕೋಚದಿಂದ ಹೇಳದೆ ಇರುವ ಹೊಸ ಸೊಸೆಯರ ಪರವಾಗಿ ಜೊತೆಯಲ್ಲಿ ಬಂದ ಅತ್ತೆ ಅಥವಾ ತಾಯಿಯಾದರೂ ಹೇಳಲಿ.

ಬಿಳಿ ತುಂಬುವುದು ಹೇಗೆ?

ಬಿಳಿ ಎಂದರೆ ಕಾಂಪೋಸಿಟ್ ರೆಸಿನ್. ರಾಳದಂಥ ಅಂಟು ಪದಾರ್ಥದಲ್ಲಿ ಅತಿ ನುಣುಪಾದ ಗಾಜಿನ ಪುಡಿ ಬೆರೆತಿರುತ್ತದೆ. ಅದರ ಮುಖ್ಯ ರಾಳವನ್ನು ಅಮೆರಿಕದ ರಫಾಯಲ್ ಬೋವೆನ್ ಸಿದ್ಧಪಡಿಸಿ 1962ರಲ್ಲಿ ಪೇಟೆಂಟ್ ಪಡೆದರು. ಆದರೆ ಅದನ್ನು ಹಲ್ಲಿಗೆ ಅಂಟಿಸುವ ಉಪಾಯ ಅದಕ್ಕಿಂತ ಮೊದಲೇ ಸಿಕ್ಕಿತ್ತು. ಲೋಹಕ್ಕೆ ಬಣ್ಣ ಬಳಿಯುವ ಮುನ್ನ ಫಾಸ್ಫಾರಿಕ್ ಆಮ್ಲದಿಂದ ತೊಳೆದರೆ ಬಣ್ಣ ಚೆನ್ನಾಗಿ ಕಚ್ಚಿಕೊಳ್ಳುವುದನ್ನು ಗಮನಿಸಿದ ಮೈಕಲ್ ಬುವೊನೊಕೋರ್ ಎಂಬ ದಂತವಿಜ್ಞಾನಿ ಅದನ್ನೇ ಹಲ್ಲಿನ ಎನಾಮಲ್ ಮೇಲೆ ಮಾಡಿ ನೋಡಿದರು. 1955ರಲ್ಲಿ ಅದನ್ನು ಪ್ರಕಟಿಸಿದರು. ಆಮ್ಲ ಕೆಲವು ಸೆಕೆಂಡು ಕೂತರೆ ಎನಾಮಲ್ಲಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ, ಅಂಟು ಅದರೊಳಗೆ ಇಳಿದು ಬೇರೂರುತ್ತದೆ. ಬಣ್ಣ ಬಳಿಯುವವರ ಉಪಾಯದಿಂದ ಇಂದು ಲಕ್ಷಾಂತರ ಹಲ್ಲುಗಳು ಉಳಿಯುತ್ತಿವೆ.

ಈಗ ಕುರ್ಚಿಯಲ್ಲಿ ನಡೆಯುವುದು ಹೀಗೆ. ಹುಳುಕನ್ನು ಮಾತ್ರ ತೆಗೆಯುತ್ತಾರೆ, ಡಬ್ಬಿಯಾಕಾರಕ್ಕಾಗಿ ಹೆಚ್ಚಿಗೆ ಕೊರೆಯಬೇಕಾಗಿಲ್ಲ. ಆಮ್ಲದ ಜೆಲ್ ಹಚ್ಚಿ ತೊಳೆದು, ಅಂಟು ಸವರಿ, ನೀಲಿ ಬೆಳಕು ಹಿಡಿಯುತ್ತಾರೆ. ನಂತರ ಬಿಳಿ ಪದಾರ್ಥವನ್ನು ಸಾಮಾನ್ಯವಾಗಿ ಎರಡು ಮಿಲಿಮೀಟರ್ ದಪ್ಪದ ಪದರ ಪದರವಾಗಿ ಹಾಕಿ ಪ್ರತಿ ಪದರಕ್ಕೂ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಒಂದೇ ಸಲ ದಪ್ಪಗೆ ತುಂಬಿದರೆ ಬೆಳಕು ತಳದವರೆಗೆ ಇಳಿಯದೆ ಕೆಳಗಿನದು ಹಸಿಯಾಗಿಯೇ ಉಳಿಯಬಹುದು. ಗಟ್ಟಿಯಾಗುವಾಗ ರೆಸಿನ್ ಒಂದಿಷ್ಟು ಕುಗ್ಗುತ್ತದೆ ಕೂಡ. ಪದರ ಪದರವಾಗಿ ಹಾಕುವುದು ಇದಕ್ಕೂ ಮದ್ದು. "ಬೆಳ್ಳಿ ಆದರೆ ಬೇಗ ಆಗುತ್ತಿತ್ತು, ಇದಕ್ಕೆ ಇಷ್ಟು ಹೊತ್ತೇಕೆ?" ಎಂದು ಹೊರಗೆ ಕಾದ ನೆಂಟರು ಕೇಳುತ್ತಾರೆ. ಹೊತ್ತು ಹಿಡಿದರೇ ಒಳ್ಳೆಯದು. ಆ ನೀಲಿ ಬೆಳಕನ್ನು ನೇರವಾಗಿ ನೋಡಬಾರದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿಯೂ ಕಣ್ಣು ತಿರುಗಿಸಿಕೊಳ್ಳಬೇಕು.

ಬಿಳಿಯ ದೊಡ್ಡ ಶತ್ರು ತೇವ. ಅಂಟು ಹಚ್ಚುವ ಹೊತ್ತಿಗೆ ಒಂದು ಹನಿ ಜೊಲ್ಲು ಅಥವಾ ವಸಡಿನ ರಕ್ತ ತಾಗಿದರೆ ಹಿಡಿತ ಸಡಿಲವಾಗುತ್ತದೆ. ಆಗ ಮೇಲೆ ಬೆಳ್ಳಗೆ ಅಂದವಾಗಿ ಕಾಣುತ್ತಿದ್ದರೂ ಕೆಳಗಿನ ಅಂಚಿನಲ್ಲಿ ಹುಳುಕು ಮತ್ತೆ ಶುರುವಾಗುತ್ತದೆ. ಅದಕ್ಕಾಗಿಯೇ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ ಅಥವಾ ಹತ್ತಿ ಇಟ್ಟು ಜೊಲ್ಲನ್ನು ಎಳೆಯುತ್ತಾರೆ. ಉಸಿರು ಕಟ್ಟಿದಂತಾದರೆ ಕೈ ಎತ್ತಿ ತಿಳಿಸಿ, ಆದರೆ ನಡುವೆ ಬಾಯಿ ಮುಚ್ಚಿ ಉಗುಳಲು ಏಳಬೇಡಿ. ಎಲೆ ಅಡಿಕೆ ಅಥವಾ ತಂಬಾಕು ಹಾಕುವವರ ವಸಡು ಊದಿಕೊಂಡು ಸುಲಭವಾಗಿ ರಕ್ತ ಬರುತ್ತಿದ್ದರೆ, ಮೊದಲು ಹಲ್ಲು ಶುಚಿ ಮಾಡಿಸಿ ವಸಡು ಸರಿಯಾದ ಮೇಲೆ ಬಿಳಿ ತುಂಬುತ್ತೇವೆ. ಇದನ್ನು ಮುಂದೂಡುತ್ತಿದ್ದಾರೆ ಎಂದು ತಿಳಿಯಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿಂದ ಬರುವವರ ಹಲ್ಲಿನಲ್ಲಿ ಕಂದು ಕಲೆಗಳಿರುತ್ತವೆ. ಅಂಥ ಎನಾಮಲ್ ಮೇಲೆ ಅಂಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲವಾದ್ದರಿಂದ ಹೆಚ್ಚಿನ ಶ್ರಮ ಬೇಕು.

ಲಿಸ್ಬನ್ನಿನ ಅದೇ ಮಕ್ಕಳಿಂದ ಇನ್ನೊಂದು ಪಾಠವೂ ಸಿಕ್ಕಿತು. ಅದು 2007ರಲ್ಲಿ ಪ್ರಕಟವಾಯಿತು. ಏಳು ವರ್ಷಗಳ ಕೊನೆಗೆ ಬೆಳ್ಳಿ ತುಂಬಿದವುಗಳಲ್ಲಿ ಶೇಕಡಾ 94ರಷ್ಟು ಉಳಿದಿದ್ದವು, ಬಿಳಿಯಲ್ಲಿ ಶೇಕಡಾ 85ರಷ್ಟು. ಕೆಟ್ಟವುಗಳಲ್ಲಿ ಮುಖ್ಯ ಕಾರಣ ಅಂಚಿನಲ್ಲಿ ಮತ್ತೆ ಹುಳುಕಾಗಿದ್ದು. ಅದು ಬಿಳಿಯಲ್ಲಿ ಮೂರೂವರೆ ಪಟ್ಟು ಹೆಚ್ಚಾಗಿತ್ತು. ಅಂಟು ಪದಾರ್ಥಗಳು ಆ ಮಕ್ಕಳ ಕಾಲಕ್ಕಿಂತ ಈಗ ಸುಧಾರಿಸಿವೆ ನಿಜ. ಆದರೂ ಬಿಳಿ ಹಾಕಿಸಿಕೊಂಡವರು ಹಲ್ಲುಜ್ಜುವುದರಲ್ಲಿ ಉದಾಸೀನ ಮಾಡಿದರೆ ಬೆಳ್ಳಿಗಿಂತ ಬೇಗ ದಂಡ ತೆರಬೇಕಾಗುತ್ತದೆ.

ಬಿಳಿಯಲ್ಲಿಯೂ ರಾಸಾಯನಿಕ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. ಹೊಸದಾಗಿ ತುಂಬಿದ ಮೊದಲ ದಿನಗಳಲ್ಲಿ ಬಿಸ್‌ಫಿನಾಲ್-ಎ ಎಂಬ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಜೊಲ್ಲಿಗೆ ಬರಬಹುದು. ತುಂಬಿದ ಕೂಡಲೇ ಮೇಲ್ಮೈಯನ್ನು ಚೆನ್ನಾಗಿ ಒರೆಸಿ, ಬಾಯಿ ಮುಕ್ಕಳಿಸಿ ಉಗುಳಿದರೆ ಅದರಲ್ಲಿ ಹೆಚ್ಚಿನದು ಹೊರಟುಹೋಗುತ್ತದೆ. ಇದಕ್ಕೂ ಹೆದರಬೇಕಾಗಿಲ್ಲ.

ಮೂರನೆಯದೊಂದಿದೆ, ಸಿಮೆಂಟ್

ಬೆಳ್ಳಿ ಬಿಳಿಗಳ ಜಗಳದಲ್ಲಿ ಜನ ಇದನ್ನು ಮರೆಯುತ್ತಾರೆ. ಗ್ಲಾಸ್ ಅಯೊನೊಮರ್ ಎಂಬ ಈ ಸಿಮೆಂಟನ್ನು ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು 1970ರ ಸುಮಾರಿಗೆ ರೂಪಿಸಿದರು. ಪಾದರಸವಿಲ್ಲ, ಹಲ್ಲಿಗೆ ತಾನಾಗಿಯೇ ಅಂಟುತ್ತದೆ, ಸ್ವಲ್ಪ ಸ್ವಲ್ಪವಾಗಿ ಫ್ಲೋರೈಡ್ ಬಿಡುತ್ತದೆ. ಗಟ್ಟಿತನ ಕಡಿಮೆ, ದೊಡ್ಡ ದವಡೆಹಲ್ಲಿನ ಅಗಿಯುವ ಭಾಗದಲ್ಲಿ ಬೇಗ ಸವೆಯುತ್ತದೆ. ಆದರೆ ಮಕ್ಕಳ ಹಾಲುಹಲ್ಲಿಗೆ, ವಯಸ್ಸಾದವರ ವಸಡಿನ ಅಂಚಿನ ಹುಳುಕಿಗೆ ಬಹಳ ಅನುಕೂಲ. 1980ರ ದಶಕದಲ್ಲಿ ಆಫ್ರಿಕದ ಟಾಂಜಾನಿಯಾದಲ್ಲಿ ವಿದ್ಯುತ್ ಇಲ್ಲದ ಹಳ್ಳಿಗಳಿಗಾಗಿ, ಕೊರೆಯುವ ಯಂತ್ರವಿಲ್ಲದೆ ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು ತೆಗೆದು ತುಂಬುವ ಕ್ರಮವನ್ನು ರೂಢಿಸಿದರು. ಅದಕ್ಕೆ ಮುಂದೆ ಒಗ್ಗಿದ್ದು ಈ ಸಿಮೆಂಟೇ. ಸೂಜಿಗೂ ಯಂತ್ರದ ಸದ್ದಿಗೂ ಹೆದರುವ ಮಗುವಿಗೆ ಇದು ವರದಾನ. ಮಗುವಿನ ಹಲ್ಲಿಗೆ ಸಿಮೆಂಟ್ ಸಾಕು ಎಂದು ವೈದ್ಯರು ಹೇಳಿದರೆ ಕಡಿಮೆ ದರ್ಜೆಯದನ್ನು ಹಾಕಿದರು ಎಂದುಕೊಳ್ಳಬೇಡಿ.

ಹಾಗಾದರೆ ಯಾವ ಹಲ್ಲಿಗೆ ಯಾವುದು? ನಕ್ಕಾಗ ಕಾಣುವ ಬಾಚಿಹಲ್ಲು, ಕೋರೆಹಲ್ಲುಗಳಿಗೆ ಬಿಳಿಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ದವಡೆಹಲ್ಲಿನ ಸಣ್ಣ, ಮಧ್ಯಮ ಗುಳಿಗೂ ಬಿಳಿ ಒಳ್ಳೆಯದು, ಹೆಚ್ಚು ಹಲ್ಲನ್ನು ಉಳಿಸಿಕೊಡುತ್ತದೆ. ಗುಳಿ ದೊಡ್ಡದಾಗಿ, ವಸಡಿನ ಕೆಳಗೆ ಇಳಿದು, ಒಣಗಿಸಿಡುವುದೇ ಕಷ್ಟವಾದ ಕಡೆಯ ದವಡೆಹಲ್ಲಿನಲ್ಲಿ ಇದುವರೆಗೆ ಬೆಳ್ಳಿಯೇ ಕೈಹಿಡಿಯುತ್ತಿತ್ತು. ಅದು ನಿಲ್ಲುತ್ತ ಬಂದಂತೆ ಅಂಥ ಕಡೆ ಗಟ್ಟಿ ಬಗೆಯ ಸಿಮೆಂಟ್ ಅಥವಾ ಕ್ಯಾಪ್ ಬೇಕಾಗುತ್ತದೆ. ಯಾವುದು ಎಂಬುದನ್ನು ಎಕ್ಸ್‌ರೇ ನೋಡಿ ವೈದ್ಯರು ಹೇಳಬೇಕೇ ಹೊರತು ಹೊರಗೆ ಬೆಂಚಿನ ಮೇಲೆ ಕೂತು ತೀರ್ಮಾನಿಸುವ ವಿಷಯವಲ್ಲ. ನೋವು ರಾತ್ರಿ ತಾನಾಗಿಯೇ ಬರುತ್ತಿದ್ದರೆ, ಬಿಸಿ ತಾಗಿದಾಗ ಬಹಳ ಹೊತ್ತು ನಿಲ್ಲುತ್ತಿದ್ದರೆ ಹುಳುಕು ನರದವರೆಗೆ ಮುಟ್ಟಿರಬಹುದು. ಆಗ ಬೆಳ್ಳಿ, ಬಿಳಿ ಎರಡೂ ಉಪಯೋಗವಿಲ್ಲ, ರೂಟ್ ಕೆನಾಲ್ ಮಾಡಿಸಬೇಕು.

ಹಳೆಯ ಬೆಳ್ಳಿಯನ್ನು ಏಕೆ ಕೆದಕಬಾರದು?

ಒಂದು ಹಲ್ಲಿಗೆ ತುಂಬಿಸಿಕೊಳ್ಳುವ ಸರದಿಗಳು ಎಣಿಕೆಯವು. ಪ್ರತಿ ಸಲ ಹಳೆಯದನ್ನು ತೆಗೆಯುವಾಗಲೂ ಎಷ್ಟೇ ಎಚ್ಚರ ವಹಿಸಿದರೂ ಅಂಚಿನ ಒಳ್ಳೆಯ ಹಲ್ಲು ತುಸು ಹೋಗುತ್ತದೆ. ಮೊದಲು ಸಣ್ಣ ಗುಳಿ, ಮುಂದಿನ ಸಲ ದೊಡ್ಡದು, ಅದರಾಚೆ ಗೋಡೆ ಮುರಿದು ಕ್ಯಾಪ್, ಆಮೇಲೆ ರೂಟ್ ಕೆನಾಲ್, ಕಡೆಗೆ ಕೀಳುವುದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುವ ಗಾದೆ ಯಾರ ಪಾಲಿಗೂ ನಿಜವಾಗುವುದು ಬೇಡ. ಇಪ್ಪತ್ತು ವರ್ಷ ನಿಂತ ಬೆಳ್ಳಿಯನ್ನು ಹೆದರಿ ತೆಗೆಸಿ, ಅದರ ಜಾಗದಲ್ಲಿ ಎಂಟು ಹತ್ತು ವರ್ಷಕ್ಕೆ ಬದಲಿಸಬೇಕಾಗಬಹುದಾದುದನ್ನು ಹಾಕಿಸಿಕೊಂಡರೆ, ಹಲ್ಲು ಆ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದಂತೆ.

ಇನ್ನೊಂದು ಸಂಗತಿ. ಪಾದರಸದ ಭಯದಿಂದ ಬೆಳ್ಳಿ ತೆಗೆಸುವವರಿಗೆ ಆ ದಿನವೇ ಅತಿ ಹೆಚ್ಚು ಆವಿ ಒಳಹೋಗುವ ಸಂಭವ. ಕೊರೆಯುವ ಬಿಸಿಗೆ ಆವಿ ಏಳುತ್ತದೆ, ಕೆಲವು ದಿನ ರಕ್ತದಲ್ಲಿ ಪಾದರಸ ಏರಿ ಆಮೇಲೆ ಇಳಿಯುತ್ತದೆ. ತೆಗೆಯಲೇಬೇಕಾದಾಗ ಧಾರಾಳವಾಗಿ ನೀರು ಹಾಯಿಸಿ, ಜೋರಾಗಿ ಎಳೆಯುವ ನಳಿಕೆ ಹಿಡಿದು, ಪುಡಿ ಮಾಡದೆ ದೊಡ್ಡ ಚೂರುಗಳಾಗಿ ಕಳಚಿ ತೆಗೆಯುತ್ತಾರೆ. ಆ ಚೂರುಗಳನ್ನು ಕಸದ ಬುಟ್ಟಿಗಾಗಲಿ ಸಿಂಕಿಗಾಗಲಿ ಹಾಕದೆ ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ ಇಡಬೇಕು. ಗರ್ಭಿಣಿಯರು ಮತ್ತು ಹಾಲೂಡಿಸುವವರು ತುರ್ತಿಲ್ಲದಿದ್ದರೆ ಈ ಕೆಲಸವನ್ನು ಮುಂದೂಡುವುದು ಲೇಸು.

ತೆಗೆಸಬೇಕಾದ ಸಂದರ್ಭಗಳು ಇಲ್ಲವೆಂದಲ್ಲ. ಬೆಳ್ಳಿ ಒಡೆದಿದ್ದರೆ, ಅಂಚಿನಲ್ಲಿ ಸಂದು ಬಿಟ್ಟು ಆಹಾರ ಸಿಕ್ಕಿಕೊಳ್ಳುತ್ತಿದ್ದರೆ, ಅಡಿಯಲ್ಲಿ ಹೊಸ ಹುಳುಕು ಎಕ್ಸ್‌ರೇಯಲ್ಲಿ ಕಂಡರೆ, ಹಲ್ಲು ಸೀಳಿದ್ದರೆ ತೆಗೆಯಲೇಬೇಕು. ಕೆಲವರಲ್ಲಿ ಬೆಳ್ಳಿಗೆ ತಾಗುವ ಕೆನ್ನೆಯ ಒಳಭಾಗದಲ್ಲಿ ಬಿಳಿ ಗೆರೆಗಳು ಮೂಡಿ ಉರಿಯುತ್ತದೆ. ಇದು ಲೋಹದ ಅಲರ್ಜಿ ಇರಬಹುದು, ತೆಗೆಸಿದರೆ ಸಾಮಾನ್ಯವಾಗಿ ಮಾಯುತ್ತದೆ. ಆದರೆ ತಂಬಾಕು, ಗುಟ್ಕಾ ಅಭ್ಯಾಸ ಇರುವವರಲ್ಲಿ ಬಿಳಿ ಅಥವಾ ಕೆಂಪು ಕಲೆಯನ್ನು ಬೆಳ್ಳಿಯ ತಲೆಗೆ ಕಟ್ಟಿ ಸುಮ್ಮನಿರಬಾರದು, ಅದು ಬೇರೆ ರೋಗದ ಮುನ್ಸೂಚನೆಯಾಗಿರಬಹುದು. ವಸಡಿನಲ್ಲಿ ಬೆಳ್ಳಿಯ ಪಕ್ಕ ನೀಲಿಗಪ್ಪು ಚುಕ್ಕೆ ಕಂಡರೆ ಅದು ಹೆಚ್ಚಾಗಿ ಲೋಹದ ಪುಡಿ ಚರ್ಮದೊಳಗೆ ಸೇರಿ ಹಚ್ಚೆಯಂತಾದದ್ದು, ನಿರುಪದ್ರವಿ. ಆದರೂ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿ.

ಎಂ.ಆರ್.ಐ. ಮಾಡಿಸಲು ಬರೆದುಕೊಟ್ಟವರು ಬೆಳ್ಳಿ ಇದೆಯೆಂದು ಗಾಬರಿಯಾಗುವುದುಂಟು. ಅಯಸ್ಕಾಂತ ಅದನ್ನು ಎಳೆಯುವುದಿಲ್ಲ. ಬಾಯಿಯ ಸುತ್ತಲಿನ ಚಿತ್ರ ತುಸು ಮಸುಕಾಗಬಹುದು ಅಷ್ಟೇ, ತಂತ್ರಜ್ಞರಿಗೆ ತಿಳಿಸಿದರೆ ಸಾಕು.

ತುಂಬಿಸಿಕೊಂಡ ಮೇಲೆ

ಬೆಳ್ಳಿ ತುಂಬಿದ್ದರೆ ಒಂದು ದಿನ ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ. ಬಿಳಿ ಆಗಲೇ ಗಟ್ಟಿಯಾಗಿರುತ್ತದೆ, ಆದರೆ ಮರಗಟ್ಟಿಸುವ ಸೂಜಿ ಕೊಟ್ಟಿದ್ದರೆ ಅದರ ಜೋಮು ಇಳಿಯುವವರೆಗೆ ಊಟ ಬೇಡ. ಮಕ್ಕಳು ಜೋಮು ಹಿಡಿದ ತುಟಿಯನ್ನು ಆಟವೆಂದು ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ, ತಾಯಂದಿರು ಗಮನವಿಡಬೇಕು. ತಣ್ಣೀರು ತಾಗಿದಾಗ ಕೆಲವು ದಿನ ಜುಮ್ಮೆನ್ನುವುದು ಸಹಜ. ಬಾಯಿ ಮುಚ್ಚಿದಾಗ ತುಂಬಿದ ಹಲ್ಲೇ ಮೊದಲು ತಗಲುತ್ತಿದ್ದರೆ ರೂಢಿಯಾಗುತ್ತದೆಂದು ಕಾಯದೆ ಬನ್ನಿ, ಎತ್ತರ ತಗ್ಗಿಸಲು ಎರಡು ನಿಮಿಷ ಸಾಕು. ಬೆಳ್ಳಿ ಇರುವವರು ತಿಂಡಿಗೆ ಸುತ್ತಿದ ಅಲ್ಯುಮಿನಿಯಂ ಹಾಳೆಯನ್ನು ತಪ್ಪಿ ಕಚ್ಚಿದರೆ ವಿದ್ಯುತ್ ತಗಲಿದಂತೆ ಚುಳ್ಳೆನ್ನುತ್ತದೆ. ಎರಡು ಲೋಹ ಮತ್ತು ಜೊಲ್ಲು ಸೇರಿ ಸಣ್ಣ ಬ್ಯಾಟರಿಯಂತಾಗುವುದೇ ಇದಕ್ಕೆ ಕಾರಣ, ಅಪಾಯವಿಲ್ಲ.

ಬಿಳಿ ಹಾಕಿಸಿಕೊಂಡವರು ಎಲೆ ಅಡಿಕೆ ಮುಂದುವರಿಸಿದರೆ ಅಂಚು ಕೆಂಪಾಗಿ ಕಲೆಗಟ್ಟುತ್ತದೆ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ, ಆಮೇಲೆ ಏನನ್ನೂ ತಿನ್ನಬೇಡಿ. ಆರು ತಿಂಗಳಿಗೊಮ್ಮೆ ತೋರಿಸಲು ಬರುವಾಗ ಹಳೆಯ ಚೀಟಿ ಮತ್ತು ಎಕ್ಸ್‌ರೇ ತನ್ನಿ. ಹೊಸ ಎಕ್ಸ್‌ರೇಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದರೆ, ಅಂಚಿನ ಆ ಕಪ್ಪು ನೆರಳು ಹೊಸದೋ ಹಳೆಯದೋ ಎಂದು ವೈದ್ಯರಿಗೆ ತಿಳಿಯುತ್ತದೆ, ಹಲ್ಲನ್ನು ಕೊರೆದು ನೋಡುವ ಕೆಲಸ ತಪ್ಪುತ್ತದೆ.